ಒಂದು ಸಲಕ್ಕೆ ಒಂದೇ ಗುಣ: ಮಾಂಟೆಸ್ಸರಿ ಕೋಣೆಯಲ್ಲಿ ಇಂದ್ರಿಯಗಳ ಕೆಲಸವನ್ನು ನಡೆಸುವ ಬಗೆ

ಬಣ್ಣ ಹಚ್ಚಿದ ಅಕ್ಕಿ, ಶಂಖ, ಗುಂಡಿ, ಪ್ಲಾಸ್ಟಿಕ್ ಪ್ರಾಣಿ ಎಲ್ಲವನ್ನೂ ಒಂದು ಪರಾತದಲ್ಲಿ ಸುರಿದು ಮೂರು ವರ್ಷದ ಮಗುವಿನ ಮುಂದಿಟ್ಟರೆ ಅದು ಅರ್ಧ ತಾಸು ನಲಿಯುತ್ತದೆ. ಅಂಥ ಆಟಕ್ಕೂ ಶಾಲೆಯಲ್ಲಿ ಜಾಗವಿರಲಿ. ಆದರೆ ಮಾಂಟೆಸ್ಸರಿ ಪದ್ಧತಿ ಯಾವುದನ್ನು ಇಂದ್ರಿಯಗಳ ಕೆಲಸವೆಂದು ಕರೆಯುತ್ತದೆಯೋ ಅದು ಬೇರೆ. ಬಣ್ಣ, ಆಕಾರ, ಗಾತ್ರ, ತೂಕ, ಸಪ್ಪಳ ಎಲ್ಲವೂ ಒಮ್ಮೆಗೇ ಕೈಗೆ ಬಂದಾಗ ಮಗುವಿಗೆ ಅನುಭವವೇನೋ ಸಿಗುತ್ತದೆ, ವಿಂಗಡಿಸುವ ಶಕ್ತಿ ಸಿಗುವುದಿಲ್ಲ. ಒಂದೇ ಒಂದು ಗುಣ ಬದಲಾಗುತ್ತ ಉಳಿದದ್ದೆಲ್ಲ ಹಾಗೆಯೇ ಇರುವ ವಸ್ತುವನ್ನು ಕೊಟ್ಟಾಗ ಅದರ ಕಣ್ಣು, ಕೈ, ಕಿವಿಗಳು ಆ ಗುಣವನ್ನು ಹಿಡಿದು ಅಳೆಯಲು ಕಲಿಯುತ್ತವೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳ ಊರುಗಳಲ್ಲಿ ಮಾಂಟೆಸ್ಸರಿ ಎಂದು ಬೋರ್ಡು ಬರೆಸಿಕೊಂಡ ಶಿಶುವಿಹಾರಗಳನ್ನು ಈಗ ಎಲ್ಲೆಡೆ ಕಾಣುತ್ತೇವೆ. ಕೆಲವು ಕಡೆ ದುಬಾರಿ ಸಾಮಗ್ರಿ ಕಪಾಟಿನೊಳಗೆ ಕೀಲಿ ಹಾಕಿದ ಸ್ಥಿತಿಯಲ್ಲೇ ಇರುತ್ತದೆ. ಕೆಲವು ಕಡೆ ಎಲ್ಲವನ್ನೂ ಒಟ್ಟಿಗೆ ನೆಲದ ಮೇಲೆ ಹರಡಿರುತ್ತಾರೆ. 3ರಿಂದ 6 ವರ್ಷದ ಮಕ್ಕಳ ನಡುವೆ ದಿನವಿಡೀ ಇರುವ ಅಕ್ಕೋರು ಈ ಸಾಮಗ್ರಿಯನ್ನು ಹೇಗೆ ಬಳಸಬೇಕು, ಕೊಳ್ಳಲಾಗದಿದ್ದರೆ ನಮ್ಮ ಸೀಮೆಯಲ್ಲೇ ಸಿಗುವುದರಿಂದ ಹೇಗೆ ಮಾಡಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಇಟಲಿಯ ವೈದ್ಯೆ ಮರಿಯಾ ಮಾಂಟೆಸ್ಸರಿ (1870–1952) ಈ ಸಾಮಗ್ರಿಯ ಮೂಲ ಕಲ್ಪನೆಯನ್ನು ಇಟಾರ್ ಮತ್ತು ಸೆಗ್ಯಾಂ ಎಂಬ ಫ್ರೆಂಚ್ ವೈದ್ಯರಿಂದ ಪಡೆದರು. ಅವರಿಬ್ಬರೂ ಬೆಳವಣಿಗೆಯಲ್ಲಿ ಹಿಂದುಳಿದ ಮಕ್ಕಳಿಗೆ ಸ್ಪರ್ಶ, ದೃಷ್ಟಿ, ಶ್ರವಣಗಳ ಮೂಲಕ ಕಲಿಸುವ ದಾರಿಯನ್ನು ಹುಡುಕಿದವರು. 1907ರ ಜನವರಿಯಲ್ಲಿ ರೋಮ್ ನಗರದ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ತೆರೆದ ಮಕ್ಕಳ ಮನೆಯಲ್ಲಿ ಮಾಂಟೆಸ್ಸರಿ ಅದೇ ದಾರಿಯನ್ನು ಎಲ್ಲ ಮಕ್ಕಳಿಗೂ ಒಗ್ಗಿಸಿದರು. 1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದು, ಮಹಾಯುದ್ಧದ ವರ್ಷಗಳನ್ನು ಭಾರತದಲ್ಲಿಯೇ ಕಳೆದು, ಇಲ್ಲಿನ ನೂರಾರು ಶಿಕ್ಷಕರಿಗೆ ತರಬೇತಿ ನೀಡಿದರು. ಅದಕ್ಕೂ ಮೊದಲೇ, 1920ರಲ್ಲಿ, ಗಿಜುಭಾಯಿ ಬಧೇಕಾ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು ಈ ಪದ್ಧತಿಯನ್ನು ನಮ್ಮ ದೇಶದ ಮಕ್ಕಳ ಬದುಕಿಗೆ ಹೊಂದಿಸಿದ್ದರು. ಆದುದರಿಂದ ಸ್ಥಳೀಯ ವಸ್ತುಗಳನ್ನು ಬಳಸಿದರೆ ಪದ್ಧತಿ ಕೆಡುತ್ತದೆಂಬ ಅಂಜಿಕೆ ಬೇಡ. ವಸ್ತು ಯಾವುದೇ ಇರಲಿ, ಅದರೊಳಗಿನ ಲೆಕ್ಕ ಸರಿಯಿರಬೇಕು.

ವಸ್ತುವಿನೊಳಗಿನ ಲೆಕ್ಕ

ಗುಲಾಬಿ ಗೋಪುರವನ್ನು ನೋಡಿ. ಹತ್ತು ಮರದ ಘನಗಳು. ಅತಿ ಚಿಕ್ಕದರ ಅಂಚು 1 ಸೆಂಟಿಮೀಟರ್, ಅತಿ ದೊಡ್ಡದರದು 10 ಸೆಂಟಿಮೀಟರ್. ಎಲ್ಲದರ ಬಣ್ಣ ಒಂದೇ, ಮರ ಒಂದೇ, ಆಕಾರ ಒಂದೇ. ಆದ್ದರಿಂದ ಮಗುವಿನ ಕಣ್ಣಿಗೆ ಗಾತ್ರವಲ್ಲದೆ ಬೇರೇನೂ ತೋರುವುದಿಲ್ಲ. ಕಂದು ಮೆಟ್ಟಿಲಿನಲ್ಲಿ ಪ್ರತಿ ತುಂಡಿನ ಉದ್ದ 20 ಸೆಂಟಿಮೀಟರ್ ಆಗಿಯೇ ಉಳಿದು ದಪ್ಪ ಮಾತ್ರ 1ರಿಂದ 10 ಸೆಂಟಿಮೀಟರ್‌ವರೆಗೆ ಏರುತ್ತದೆ. ಕೆಂಪು ಕೋಲುಗಳಲ್ಲಿ ದಪ್ಪ ಒಂದೇ ಇದ್ದು ಉದ್ದ 10 ಸೆಂಟಿಮೀಟರಿನಿಂದ 1 ಮೀಟರಿನವರೆಗೆ ಬೆಳೆಯುತ್ತದೆ. ಬಡಿಗರಿಂದ ಈ ಗೋಪುರವನ್ನು ಮಾಡಿಸುವ ಕೆಲವರು ಚೆಂದ ಕಾಣಲೆಂದು ಹತ್ತು ಘನಗಳಿಗೆ ಹತ್ತು ಬಣ್ಣ ಹಚ್ಚಿಸಿ, ಪ್ರತಿಯೊಂದರ ಮೇಲೂ ಅಂಕಿ ಬರೆಸುತ್ತಾರೆ. ಆಗ ಮಗು ಗಾತ್ರವನ್ನು ನೋಡುವುದನ್ನು ಬಿಟ್ಟು ಬಣ್ಣದ ಕ್ರಮವನ್ನು ಬಾಯಿಪಾಠ ಮಾಡುತ್ತದೆ, ಸಾಮಗ್ರಿ ಇದ್ದೂ ಇಲ್ಲದಂತಾಗುತ್ತದೆ.

ಎರಡನೆಯ ಲೆಕ್ಕವೆಂದರೆ, ತಪ್ಪನ್ನು ವಸ್ತುವೇ ತೋರಿಸಬೇಕು. ಹಿಡಿಕೆಯುಳ್ಳ ಉರುಳೆಗಳ ನಾಲ್ಕು ದಿಮ್ಮಿಗಳಲ್ಲಿ ಒಂದೊಂದರಲ್ಲಿ ಹತ್ತು ಉರುಳೆಗಳೂ ಅವಕ್ಕೆ ತಕ್ಕ ಹತ್ತು ಕುಳಿಗಳೂ ಇರುತ್ತವೆ. ದಪ್ಪ ಉರುಳೆ ಸಣ್ಣ ಕುಳಿಗೆ ಇಳಿಯುವುದಿಲ್ಲ. ತೆಳ್ಳನೆಯದನ್ನು ದೊಡ್ಡ ಕುಳಿಗೆ ಹಾಕಿದರೆ ಕೊನೆಗೆ ಒಂದು ಉರುಳೆ ಕೈಯಲ್ಲೇ ಉಳಿಯುತ್ತದೆ. ಎತ್ತರ ಮಾತ್ರ ಬದಲಾಗುವ ದಿಮ್ಮಿಯಲ್ಲಿ ಎಲ್ಲವೂ ಎಲ್ಲ ಕುಳಿಗಳಿಗೂ ಇಳಿಯುತ್ತವೆ, ಆದರೆ ಒಂದು ಮೇಲೆ ಚಾಚಿಕೊಂಡು ಇನ್ನೊಂದು ಒಳಗೆ ಮುಳುಗಿ ಕಾಣುತ್ತದೆ. ಹೀಗಾಗಿ ಅಕ್ಕೋರು ‘ತಪ್ಪಾಯಿತು’ ಎಂದು ಹೇಳುವ ಅಗತ್ಯವೇ ಬೀಳುವುದಿಲ್ಲ. ಮಗು ತಾನೇ ನೋಡಿ, ತೆಗೆದು, ಮತ್ತೆ ಹಾಕುತ್ತದೆ. ಹೆಬ್ಬೆರಳು ಮತ್ತು ಮುಂದಿನ ಎರಡು ಬೆರಳುಗಳಿಂದ ಆ ಪುಟ್ಟ ಹಿಡಿಕೆಯನ್ನು ಹಿಡಿಯುವ ಅಭ್ಯಾಸವೇ ಮುಂದೆ ಪೆನ್ಸಿಲ್ ಹಿಡಿಯುವ ಕೈಗೆ ಆಧಾರವಾಗುತ್ತದೆ. ಹೊಸದಾಗಿ ಶಾಲೆ ತೆರೆಯುವವರು ಹಣ ಸಾಲದಿದ್ದಲ್ಲಿ ಮೊದಲು ಈ ಉರುಳೆಗಳ ದಿಮ್ಮಿಗಳನ್ನೂ ಗುಲಾಬಿ ಗೋಪುರವನ್ನೂ ಕೊಳ್ಳಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ, ಏಕೆಂದರೆ ಮಿಲಿಮೀಟರಿನ ನಿಖರತೆ ಬೇಕಾದ ಇವನ್ನು ಮನೆಯಲ್ಲಿ ಮಾಡಲಾಗುವುದಿಲ್ಲ. ಸ್ಪರ್ಶ, ಸಪ್ಪಳ, ವಾಸನೆ, ರುಚಿಗಳ ಸಾಮಗ್ರಿಯನ್ನು ಊರಲ್ಲೇ ಸಿದ್ಧಪಡಿಸಿಕೊಳ್ಳಬಹುದು.

ನಮ್ಮ ಅಜ್ಜಿಯರ ಮನೆಗಳಲ್ಲಿ ಇನ್ನೂ ಸೇರು, ಅಚ್ಚೇರು, ಪಾವು, ಚಟಾಕಿನ ಹಿತ್ತಾಳೆ ಅಳತೆಗಳು ಸಿಗುತ್ತವೆ. ಲೋಹ ಒಂದೇ, ಆಕಾರ ಒಂದೇ, ಗಾತ್ರ ಮಾತ್ರ ಬೇರೆ. ಗೋಪುರದ ಕೆಲಸ ಕೈಗೆ ಹತ್ತಿದ ಮಗು ಇವನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ, ಒಂದರೊಳಗೊಂದು ಇಟ್ಟು ಅದೇ ಲೆಕ್ಕವನ್ನು ಮನೆಯಲ್ಲಿಯೂ ಕಾಣುತ್ತದೆ.

ಕೋಣೆಯ ಸಿದ್ಧತೆ

ಕಪಾಟಿನ ಮೇಲಿನ ಹಲಗೆ ಮಗುವಿನ ಎದೆಯೆತ್ತರವನ್ನು ಮೀರಬಾರದು. ಪ್ರತಿ ಸಾಮಗ್ರಿ ಒಂದೊಂದೇ ಇರಲಿ. ಇನ್ನೊಬ್ಬರ ಕೈಯಲ್ಲಿರುವ ಸಾಮಗ್ರಿಗಾಗಿ ಕಾಯುವುದನ್ನು ಮಕ್ಕಳು ಇದರಿಂದಲೇ ಕಲಿಯುತ್ತಾರೆ. ಕೆಲಸಕ್ಕೆ ಮೊದಲು ಮಗು ಒಂದು ಸಣ್ಣ ಜಮಖಾನೆಯನ್ನು ನೆಲದ ಮೇಲೆ ಬಿಚ್ಚಿಕೊಳ್ಳುತ್ತದೆ. ಆ ಜಮಖಾನೆಯ ಅಂಚೇ ಅದರ ಕೆಲಸದ ಎಲ್ಲೆ, ಉಳಿದವರು ಅದನ್ನು ತುಳಿಯುವುದಿಲ್ಲ. ಜಮಖಾನೆಗೆ ಒಂದೇ ಬಣ್ಣವಿರಲಿ, ಪಟ್ಟೆ ಮತ್ತು ಹೂಬಳ್ಳಿಗಳಿದ್ದರೆ ಸಾಮಗ್ರಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ಗೋಪುರದ ಘನಗಳನ್ನು ಮಗು ಒಂದೊಂದಾಗಿ ಹೊತ್ತು ತರಬೇಕು. ಹತ್ತು ಸಲ ಕಪಾಟಿಗೆ ಹೋಗಿ ಬರುವುದು ದೊಡ್ಡವರಿಗೆ ವ್ಯರ್ಥವೆನಿಸಬಹುದು. ಆದರೆ ಎರಡೂ ಕೈಗಳಿಂದ ಹಿಡಿಯಬೇಕಾದ ದೊಡ್ಡ ಘನಕ್ಕೂ ಎರಡು ಬೆರಳಲ್ಲಿ ಹಿಡಿಯುವ ಪುಟ್ಟ ಘನಕ್ಕೂ ಇರುವ ಅಂತರವನ್ನು ಮೈ ತಿಳಿಯುವುದು ಆ ನಡಿಗೆಯಲ್ಲಿಯೇ.

ಒರಟು ಮತ್ತು ನುಣುಪು

ಸ್ಪರ್ಶದ ಕೆಲಸ ಕೈ ತೊಳೆಯುವುದರಿಂದ ಶುರುವಾಗುತ್ತದೆ. ಸಾಬೂನಿನಿಂದ ತೊಳೆದ ಬೆರಳ ತುದಿಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಮಾಂಟೆಸ್ಸರಿಯವರೇ ಹಾಕಿಕೊಟ್ಟ ಕ್ರಮವಿದು. ಧೂಳು ಮತ್ತು ಬೆವರು ತುಂಬಿದ ಬೆರಳಿಗೂ ಹೀಗೆ ತೊಳೆದ ಬೆರಳಿಗೂ ಇರುವ ವ್ಯತ್ಯಾಸವನ್ನು ಅಕ್ಕೋರು ಮೊದಲು ತಾವೇ ಪರೀಕ್ಷಿಸಿ ನೋಡಲಿ.

ಮೊದಲ ಹಲಗೆಯನ್ನು ಮಾಡುವ ರೀತಿ ಸರಳ. ಸುಮಾರು 24 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ಅಗಲದ ಪ್ಲೈವುಡ್ ತುಂಡಿನ ಒಂದರ್ಧವನ್ನು ಚೆನ್ನಾಗಿ ನುಣುಪು ಮಾಡಿಸಿ ವಾರ್ನಿಶ್ ಹಚ್ಚಿಸಿ, ಇನ್ನರ್ಧಕ್ಕೆ ಬಡಿಗರು ಪಾಲಿಶ್ ಪೇಪರ್ ಎನ್ನುವ ಮರಳುಕಾಗದವನ್ನು ಅಂಟಿಸಬೇಕು. ಎರಡನೆಯ ಹಲಗೆಯ ಮೇಲೆ ಒರಟು ಮತ್ತು ನುಣುಪು ಪಟ್ಟಿಗಳು ಒಂದಾದ ಮೇಲೊಂದು ಬರುವಂತೆ ಅಂಟಿಸಿ. ಮೂರನೆಯ ಹಂತದಲ್ಲಿ ಬೇರೆ ಬೇರೆ ನಂಬರಿನ ಮರಳುಕಾಗದದ ಜೋಡಿ ತುಂಡುಗಳು ಬೇಕು. ನಂಬರು ಹೆಚ್ಚಿದಷ್ಟೂ ಕಾಗದ ನಯವಾಗುತ್ತದೆ: 60, 100, 150, 220, 400 ಎಂಬ ಐದು ನಂಬರುಗಳ ಎರಡೆರಡು ತುಂಡುಗಳಿದ್ದರೆ ಸಾಕು. ಅಂಗಡಿಗಳಲ್ಲಿ ಒಂದೊಂದು ನಂಬರಿಗೆ ಒಂದೊಂದು ಬಣ್ಣವಿರುವುದುಂಟು. ಆಗ ಮಗು ಬಣ್ಣ ನೋಡಿ ಜೋಡಿಸಿಬಿಡುತ್ತದೆ. ಒಂದೇ ಕಂಪನಿಯ, ಒಂದೇ ಬಣ್ಣದ ಹಾಳೆಗಳನ್ನು ಆರಿಸಿ ತನ್ನಿ; ಸಿಗದಿದ್ದರೆ ಈ ಹಂತವನ್ನು ಕಣ್ಣು ಮುಚ್ಚಿಯೇ ಮಾಡಿಸಿ.

ಬಾಗಲಕೋಟೆ ಜಿಲ್ಲೆಯವರಿಗೆ ಇದಕ್ಕಿಂತಲೂ ಒಳ್ಳೆಯ ವಸ್ತುವೊಂದು ಹತ್ತಿರದಲ್ಲಿಯೇ ಇದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಕಲ್ಲನ್ನು ಕೊಯ್ದು ಪಾಲಿಶ್ ಮಾಡುವಲ್ಲಿ ಉಳಿಯುವ ಚೂರುಗಳ ಒಂದು ಮುಖ ನೀರು ಹಚ್ಚಿದಂತೆ ನುಣುಪಾಗಿದ್ದು ಇನ್ನೊಂದು ಮುಖ ಗರಗಸದ ಗೆರೆಗಳಿಂದ ತರಕಾಗಿರುತ್ತದೆ. ಕಲ್ಲು ಅದೇ, ತೂಕ ಅದೇ, ತಂಪು ಅದೇ. ಬೆರಳಿಗೆ ಬದಲಾಗಿ ತೋರುವುದು ಮೇಲ್ಮೈ ಮಾತ್ರ. ಅಂಗೈ ಅಗಲದ ಒಂದೇ ಅಳತೆಯ ಚೂರುಗಳನ್ನು ಕೇಳಿ ಪಡೆದು, ಅಂಚು ಮತ್ತು ಮೂಲೆಗಳನ್ನು ಉಜ್ಜಿಸಿ ಮೊಂಡಾಗಿಸಿದ ಮೇಲೆಯೇ ಮಕ್ಕಳ ಕೈಗೆ ಕೊಡಿ. ಬಾದಾಮಿಯ ಕಡೆಯ ಮರಳುಗಲ್ಲಿನ ಚೂರನ್ನು ಇದರ ಪಕ್ಕದಲ್ಲಿಟ್ಟರೆ ಕಲ್ಲು, ಬಣ್ಣ, ಕಣ ಎಲ್ಲವೂ ಬೇರೆಯಾಗುವುದರಿಂದ ಅದನ್ನು ಮೊದಲ ಪಾಠಕ್ಕೆ ತರಬಾರದು, ನಂತರದ ಹೋಲಿಕೆಗೆ ಬಳಸಬಹುದು. ಎರೆಮಣ್ಣು ಮತ್ತು ಮಸಾರಿ ಮಣ್ಣಿಗೂ ಇದೇ ಮಾತು ಅನ್ವಯಿಸುತ್ತದೆ.

ಪಾಠ ಕೊಡುವಾಗ ಅಕ್ಕೋರು ಮಗುವಿನ ಎದುರಿಗೆ ಕೂಡದೆ ಪಕ್ಕದಲ್ಲಿ, ಬಲಗೈ ಬಳಸುವವರಾದರೆ ಮಗುವಿನ ಬಲಕ್ಕೆ ಕೂಡಬೇಕು. ಎದುರಿಗೆ ಕೂತರೆ ಮಗುವಿಗೆ ಎಲ್ಲವೂ ತಿರುಗುಮುರುಗಾಗಿ ಕಾಣುತ್ತದೆ. ನಿಮ್ಮ ತೋರುಬೆರಳು ಮತ್ತು ನಡುಬೆರಳಿನ ತುದಿಯನ್ನು ಹಲಗೆಯ ಮೇಲ್ತುದಿಯಲ್ಲಿ ಇಟ್ಟು, ಒತ್ತದೆ, ನಿಧಾನವಾಗಿ ಕೆಳಗಿನವರೆಗೆ ಎಳೆಯಿರಿ. ಬೆರಳು ಹಲಗೆಯನ್ನು ತಾಗಿಯೂ ತಾಗದಷ್ಟು ಹಗುರಾಗಿರಬೇಕು. ಇಷ್ಟು ಹೊತ್ತು ನಿಮ್ಮ ಬಾಯಿ ಮುಚ್ಚಿರಲಿ. ಮಾತು ಮತ್ತು ಕೈ ಎರಡೂ ಒಟ್ಟಿಗೆ ನಡೆದರೆ ಮಗು ನಿಮ್ಮ ಮುಖ ನೋಡುತ್ತದೆ, ಕೈಯನ್ನು ನೋಡುವುದಿಲ್ಲ. ಬಳಿಕ ‘ಈಗ ನೀ ಮುಟ್ಟಿ ನೋಡವ್ವಾ’ ಎಂದಷ್ಟೇ ಹೇಳಿ ಹಲಗೆಯನ್ನು ಅದರ ಕಡೆಗೆ ಸರಿಸಿ. ಮೊದಮೊದಲು ಬಹಳ ಮಕ್ಕಳು ಒತ್ತಿ ಉಜ್ಜುತ್ತಾರೆ. ಬೆರಳು ಉರಿಯತೊಡಗಿದ ಮೇಲೆ ತಾವೇ ಹಗುರಾಗಿಸುತ್ತಾರೆ.

ಹೆಸರನ್ನು ಯಾವಾಗ ಕೊಡಬೇಕು

ಬೆರಳು ವ್ಯತ್ಯಾಸವನ್ನು ಹಿಡಿದ ನಂತರ ಹೆಸರು ಬರಬೇಕು, ಅದಕ್ಕೆ ಮೊದಲಲ್ಲ. ಸೆಗ್ಯಾಂ ಅವರಿಂದ ಬಂದ ಮೂರು ಹಂತದ ಪಾಠವನ್ನು ಇದಕ್ಕೆ ಬಳಸುತ್ತಾರೆ. ಮೊದಲ ಹಂತದಲ್ಲಿ ಒರಟು ಭಾಗವನ್ನು ಮುಟ್ಟಿ ‘ಒರಟು’, ನುಣುಪು ಭಾಗವನ್ನು ಮುಟ್ಟಿ ‘ನುಣುಪು’ ಎಂದು ಹೇಳಿ ಸುಮ್ಮನಾಗಬೇಕು. ‘ಇದು ನೋಡು ಮರಳಿನ ಕಾಗದ, ಬಡಿಗೇರ ಮಾಮಾ ಬಳಸ್ತಾರ’ ಎಂಬ ವಿವರಣೆ ಯಾವುದೂ ಬೇಡ. ಎರಡನೆಯ ಹಂತ ಗುರುತಿಸುವುದು: ‘ಒರಟು ಯಾವುದು, ಮುಟ್ಟಿ ತೋರಸು’, ‘ನುಣುಪಿನ ಮ್ಯಾಲೆ ಕೈ ಇಡು’, ‘ಒರಟಿಂದು ನನ್ನ ಕೈಯಾಗ ಕೊಡು’ ಎಂದು ಬಗೆಬಗೆಯಾಗಿ ಕೇಳುತ್ತ ಹೋಗಬೇಕು. ಮೂರು ಹಂತಗಳಲ್ಲಿ ಇದೇ ಅತಿ ಉದ್ದವಾದದ್ದು, ಕಲಿಕೆ ಆಗುವುದೂ ಇಲ್ಲಿಯೇ. ಬಹುತೇಕ ಶಾಲೆಗಳಲ್ಲಿ ಇದನ್ನು ಎರಡು ಪ್ರಶ್ನೆಗಳಿಗೆ ಮುಗಿಸಿ ನೇರವಾಗಿ ಮೂರನೆಯ ಹಂತಕ್ಕೆ, ಅಂದರೆ ‘ಇದು ಏನು?’ ಎಂಬ ಪ್ರಶ್ನೆಗೆ ಹಾರುತ್ತಾರೆ. ಉತ್ತರ ಬರದ ಮಗು ಮುಖ ಸಣ್ಣದು ಮಾಡಿಕೊಳ್ಳುತ್ತದೆ. ಎರಡನೆಯ ಹಂತದಲ್ಲಿ ಮಗು ಒಮ್ಮೆಯೂ ತಡವರಿಸದೆ ತೋರಿಸಿದರೆ ಮಾತ್ರ ಮೂರನೆಯದಕ್ಕೆ ಹೋಗಿ. ತಪ್ಪಿದರೆ ತಿದ್ದದೆ, ನಗುಮುಖದಿಂದಲೇ ಅಂದಿನ ಪಾಠವನ್ನು ಅಲ್ಲಿಗೆ ನಿಲ್ಲಿಸಿ, ಇನ್ನೊಂದು ದಿನ ಮೊದಲಿನಿಂದ ಆರಂಭಿಸಿ.

ಮಗು ತನ್ನದೇ ಮಾತಿನಲ್ಲಿ ಉತ್ತರಿಸಿದರೆ ಅದನ್ನು ಸಂತೋಷದಿಂದ ಒಪ್ಪಿಕೊಳ್ಳಿ. ‘ಇದು ಚುಚ್ಚತೈತ್ರಿ ಅಕ್ಕೋರ, ನಮ್ಮ ಅಜ್ಜನ ಗಡ್ಡದಂಗ’ ಎಂದು ಒಂದು ಮಗು ಹೇಳಿತೆಂದರೆ ಅದರ ಬೆರಳು ಆ ಗುಣವನ್ನು ಹಿಡಿದು, ಮನೆಯ ಅನುಭವದೊಂದಿಗೆ ತಾನೇ ಜೋಡಿಸಿಕೊಂಡಿದೆ ಎಂದರ್ಥ. ‘ಹೌದು, ಒರಟು ಐತಿ’ ಎಂದರೆ ಸಾಕು.

ಬಟ್ಟೆ ಮತ್ತು ನೂಲು

ಬಟ್ಟೆಯ ಪೆಟ್ಟಿಗೆಗೆ ನಮ್ಮ ಭಾಗದಷ್ಟು ಅನುಕೂಲವಾದ ಸೀಮೆ ಇನ್ನೊಂದಿಲ್ಲ. ಇಳಕಲ್ ಸೀರೆಯ ಹತ್ತಿಯ ಒಡಲು ಮತ್ತು ರೇಷ್ಮೆಯ ಸೆರಗು, ಗುಳೇದಗುಡ್ಡದ ಖಣ, ಧೋತರ, ಕುರಿಯ ಉಣ್ಣೆಯ ಕಂಬಳಿ, ಇವುಗಳ ಎರಡೆರಡು ತುಂಡುಗಳನ್ನು 12 ಸೆಂಟಿಮೀಟರ್ ಚೌಕಕ್ಕೆ ಕತ್ತರಿಸಿ, ಎಲ್ಲದರ ಅಂಚನ್ನೂ ಒಂದೇ ರೀತಿಯಾಗಿ ಹೊಲಿಸಬೇಕು. ಅಂಚು ಬೇರೆ ಬೇರೆಯಾಗಿದ್ದರೆ ಮಗು ಬಟ್ಟೆಯನ್ನು ಬಿಟ್ಟು ಹೊಲಿಗೆಯನ್ನೇ ಮುಟ್ಟಿ ಜೋಡಿಸುತ್ತದೆ. ಕಂಬಳಿ ಮತ್ತು ರೇಷ್ಮೆ ಎಂಬ ಎರಡೇ ಜೋಡಿಗಳಿಂದ, ಅಂದರೆ ಅತ್ಯಂತ ದೂರದ ಎರಡು ಗುಣಗಳಿಂದ ಪ್ರಾರಂಭಿಸಿ, ಬಳಿಕ ಧೋತರ, ಕೊನೆಗೆ ಖಣ ಸೇರಿಸಿ. ಖಣದ ಮೇಲಿನ ನೇಯ್ದ ಸಣ್ಣ ಬುಟ್ಟಾಗಳನ್ನು ಬೆರಳಿನಿಂದ ಗುರುತಿಸುವ ಮಗುವಿನ ಸ್ಪರ್ಶ ಸಾಕಷ್ಟು ಹರಿತವಾಗಿದೆ ಎಂದು ತಿಳಿಯಬಹುದು. ಬಣ್ಣಗಳು ಬೇರೆ ಬೇರೆ ಇರುವುದರಿಂದ ಈ ಕೆಲಸವನ್ನು ಕಣ್ಣು ಕಟ್ಟಿ ಮಾಡಿಸುವುದು ವಾಡಿಕೆ. ಪ್ರತಿ ಮಗುವಿಗೂ ತೊಳೆದ ಬೇರೆ ಪಟ್ಟಿಯೇ ಇರಲಿ, ಇಲ್ಲವಾದರೆ ಕಣ್ಣುಬೇನೆ ಒಬ್ಬರಿಂದ ಒಬ್ಬರಿಗೆ ಹರಡುತ್ತದೆ. ಕಣ್ಣು ಕಟ್ಟಿಸಿಕೊಳ್ಳಲು ಅಂಜುವ ಮಗುವನ್ನು ಒತ್ತಾಯಿಸದೆ ಬಟ್ಟೆಯ ಚೀಲದೊಳಗೆ ಕೈ ಹಾಕಿ ಜೋಡಿ ಹುಡುಕಲು ಬಿಡಿ, ಪರಿಣಾಮ ಒಂದೇ.

ಬಣ್ಣದ ಫಲಕಗಳ ವಿಷಯದಲ್ಲಿಯೂ ನೇಕಾರರ ಊರುಗಳು ನೆರವಾಗುತ್ತವೆ. ಈಗ ಅಂಗಡಿಯಲ್ಲಿ ಸಿಗುವ ಫಲಕಗಳಿಗೆ ಬಣ್ಣ ಬಳಿದಿರುತ್ತಾರೆ; ಮಾಂಟೆಸ್ಸರಿಯವರ ಮೊದಲಿನ ಫಲಕಗಳಿಗೆ ಬಣ್ಣದ ರೇಷ್ಮೆ ನೂಲನ್ನು ಸುತ್ತಿರುತ್ತಿದ್ದರು. ರಬಕವಿ–ಬನಹಟ್ಟಿ ಅಥವಾ ಇಳಕಲ್ಲಿನಲ್ಲಿ ನೂಲು ಕೊಂಡು ಗಟ್ಟಿ ರಟ್ಟಿನ ಮೇಲೆ ಒತ್ತಾಗಿ ಸುತ್ತಿದರೆ ಮೊದಲ ಪೆಟ್ಟಿಗೆಯ ಕೆಂಪು, ನೀಲಿ, ಹಳದಿ ಎಂಬ ಮೂರು ಜೋಡಿಗಳೂ ಎರಡನೆಯ ಪೆಟ್ಟಿಗೆಯ ಹನ್ನೊಂದು ಜೋಡಿಗಳೂ ಸುಲಭವಾಗಿ ಸಿದ್ಧವಾಗುತ್ತವೆ. ಒಂಬತ್ತು ಬಣ್ಣಗಳ ಏಳೇಳು ಛಾಯೆಗಳಿರುವ ಮೂರನೆಯದನ್ನು ಮಾತ್ರ ಕೊಳ್ಳುವುದೇ ಲೇಸು.

ಸಪ್ಪಳದ ಡಬ್ಬಿಗಳು

ಒಳಗಿರುವುದು ಹೊರಗೆ ಕಾಣದಂಥ, ಒಂದೇ ಅಳತೆಯ ಹನ್ನೆರಡು ಡಬ್ಬಿಗಳು ಬೇಕು. ಆರರ ಮುಚ್ಚಳಕ್ಕೆ ಕೆಂಪು, ಆರರ ಮುಚ್ಚಳಕ್ಕೆ ನೀಲಿ ಬಣ್ಣ ಹಚ್ಚಿ. ಸಣ್ಣ ರವೆ, ನವಣೆ, ಜೋಳ, ತೊಗರಿಬೇಳೆ, ಕಡಲೆ, ಹುಣಸೆಬೀಜ, ಈ ಕ್ರಮದಲ್ಲಿ ಮೆಲು ಸಪ್ಪಳದಿಂದ ಜೋರು ಸಪ್ಪಳಕ್ಕೆ ಏರಬಹುದು. ಒಂದು ಜೋಡಿಯ ಎರಡೂ ಡಬ್ಬಿಗಳಿಗೆ ಅದೇ ಚಮಚದಿಂದ ಅಷ್ಟೇ ಅಳತೆ ಹಾಕಿ, ಡಬ್ಬಿಯ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತುಂಬದಿರಿ. ತುಂಬಿದ ಡಬ್ಬಿಯೊಳಗೆ ಕಾಳು ಆಡುವುದಿಲ್ಲ. ಕಾಳುಗಳನ್ನು ಮೊದಲು ಬಿಸಿಲಲ್ಲಿ ಒಣಗಿಸಿ, ಬೆಚ್ಚಗೆ ಹುರಿದು, ಪೂರ್ತಿ ಆರಿದ ಮೇಲೆ ಹಾಕಬೇಕು. ಹಾಗೆ ಮಾಡದಿದ್ದರೆ ಮಳೆಗಾಲದಲ್ಲಿ ತೇವ ಹಿಡಿದು ನುಸಿ ಬೀಳುತ್ತದೆ, ಸಪ್ಪಳವೂ ಬದಲಾಗಿ ಜೋಡಿ ತಪ್ಪುತ್ತದೆ. ಮುಚ್ಚಳ ಮುಚ್ಚಿ ಅಂಟು ಹಾಕುವ ಮುಂಚೆ ಇನ್ನೊಬ್ಬ ಅಕ್ಕೋರ ಕೈಗೆ ಕೊಟ್ಟು, ಕಣ್ಣು ಮುಚ್ಚಿ ಜೋಡಿಸಲು ಹೇಳಿ. ದೊಡ್ಡವರಿಗೇ ಜೋಳ ಮತ್ತು ತೊಗರಿಬೇಳೆಯ ಅಂತರ ತಿಳಿಯದಿದ್ದರೆ ಒಂದನ್ನು ತೆಗೆದು ಬೇರೆ ಕಾಳು ಹಾಕಿ. ಮಕ್ಕಳಿಗೆ ಮೊದಲು ರವೆ, ಜೋಳ, ಹುಣಸೆಬೀಜ ಎಂಬ ಮೂರೇ ಜೋಡಿಗಳನ್ನು ಕೊಡಬೇಕು. ಜೋಡಿಸುವುದು ಬಂದ ನಂತರ ಒಂದೇ ಬಣ್ಣದ ಆರು ಡಬ್ಬಿಗಳನ್ನು ಜೋರಿನಿಂದ ಮೆಲುವಿಗೆ ಸಾಲಾಗಿ ಇಡುವ ಕೆಲಸ ಬರುತ್ತದೆ, ಅದು ಜೋಡಿಸುವುದಕ್ಕಿಂತ ಕಷ್ಟದ್ದು.

ಇದರೊಂದಿಗೆ ಮೌನದ ಆಟವನ್ನು ನಡೆಸಿ. ಮಕ್ಕಳೆಲ್ಲರೂ ಕೈಕಾಲು ಅಲುಗಿಸದೆ ಕೂತ ಮೇಲೆ ಅಕ್ಕೋರು ಪಕ್ಕದ ಕೋಣೆಗೆ ಹೋಗಿ ಒಬ್ಬೊಬ್ಬರ ಹೆಸರನ್ನೂ ಪಿಸುಗುಟ್ಟಿ ಕರೆಯಬೇಕು. ಹೆಸರು ಕೇಳಿದ ಮಗು ಸಪ್ಪಳವಾಗದಂತೆ ಎದ್ದು ಬರುತ್ತದೆ. ಈ ಆಟ ರೂಢಿಯಾದ ಐದು ವರ್ಷದ ಮಕ್ಕಳನ್ನು, ಪಾಲಕರೊಂದಿಗೆ, ಗೋಳಗುಮ್ಮಟಕ್ಕೆ ಕರೆದೊಯ್ಯುವುದು ವಿಜಯಪುರದ ಶಾಲೆಗಳಿಗೆ ಮಾತ್ರ ಸಿಗುವ ಭಾಗ್ಯ. 1656ರಲ್ಲಿ ಮುಗಿದ ಆ ಕಟ್ಟಡದ ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್. ಒಳಗಿನ ಪಿಸುಗುಟ್ಟುವ ಮೊಗಸಾಲೆಯಲ್ಲಿ ಒಂದು ಬದಿಯ ಗೋಡೆಗೆ ಬಾಯಿಟ್ಟು ಆಡಿದ ಮೆಲುಮಾತು ಬಾಗಿದ ಗೋಡೆಯ ಗುಂಟ ಸಾಗಿ ಎದುರಿನ ಬದಿಯಲ್ಲಿ ಕಿವಿಯಿಟ್ಟವರಿಗೆ ಕೇಳುತ್ತದೆ. ಜನ ಸೇರಿ ಕೂಗಾಟ ಶುರುವಾಗುವ ಮೊದಲೇ, ಬಾಗಿಲು ತೆರೆದ ಕೂಡಲೆ ಹೋಗಬೇಕು. ಮೆಟ್ಟಿಲುಗಳು ಇಕ್ಕಟ್ಟಾಗಿಯೂ ಎತ್ತರವಾಗಿಯೂ ಇರುವುದರಿಂದ ಮೂರು ವರ್ಷದವರನ್ನು ಈ ಹತ್ತುವಿಕೆಗೆ ಕರೆದೊಯ್ಯುವುದು ಸರಿಯಲ್ಲ.

ತಂಪು, ಬಿಸಿ ಮತ್ತು ತೂಕ

ಕಬ್ಬಿಣ, ಅಮೃತಶಿಲೆ, ಮರ, ಉಣ್ಣೆ, ಈ ನಾಲ್ಕರ ಒಂದೇ ಅಳತೆಯ ಫಲಕಗಳ ಮೇಲೆ ಮಗು ಮುಂಗೈಯನ್ನೋ ಅಂಗೈಯನ್ನೋ ಇಟ್ಟು ಯಾವುದು ತಂಪು, ಯಾವುದು ಬೆಚ್ಚಗೆ ಎಂದು ತಿಳಿಯುವ ಕೆಲಸವೊಂದಿದೆ. ನಾಲ್ಕೂ ಒಂದೇ ಕೋಣೆಯಲ್ಲಿ ಇರುವುದರಿಂದ ಅವುಗಳ ತಾಪ ಒಂದೇ ಆಗಿರುತ್ತದೆ. ಕಬ್ಬಿಣವು ಕೈಯ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ತಂಪೆನಿಸುತ್ತದೆ, ಉಣ್ಣೆ ಎಳೆದುಕೊಳ್ಳದಿರುವುದರಿಂದ ಬೆಚ್ಚಗೆನಿಸುತ್ತದೆ. ಈ ಪಾಠಕ್ಕೆ ನಮ್ಮಲ್ಲಿ ಒಂದು ತೊಡಕಿದೆ. ಅಂಗೈಯ ಚರ್ಮದ ತಾಪ ಸಾಮಾನ್ಯವಾಗಿ 32ರಿಂದ 34 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ವಿಜಯಪುರದ ತಗಡಿನ ಛತ್ತಿನ ಕೋಣೆ ಅದನ್ನು ಮೀರಿ ಕಾಯುತ್ತದೆ. ಕೋಣೆಯ ತಾಪ ಚರ್ಮದ ತಾಪಕ್ಕೆ ಸಮನಾದಾಗ ನಾಲ್ಕು ಫಲಕಗಳೂ ಒಂದೇ ರೀತಿ ತೋರುತ್ತವೆ. ಇನ್ನೂ ಏರಿದರೆ ಶಾಖ ತಿರುಗಿ ಕೈಯೊಳಗೆ ಹರಿದು ಕಬ್ಬಿಣವೇ ಎಲ್ಲಕ್ಕಿಂತ ಬಿಸಿಯೆನಿಸುತ್ತದೆ. ಆಗ ಮಗು ಹೇಳಿದ್ದು ಪುಸ್ತಕಕ್ಕೆ ಹೊಂದದಿದ್ದರೂ ಮಗುವಿನ ಕೈ ಸರಿಯಾಗಿಯೇ ಹೇಳಿರುತ್ತದೆ. ಆದ್ದರಿಂದ ಈ ಕೆಲಸವನ್ನು ದೀಪಾವಳಿಯ ನಂತರದ ಚಳಿಯಲ್ಲಿ, ಬೆಳಗಿನ ಹೊತ್ತಿನಲ್ಲಿ ಇಟ್ಟುಕೊಳ್ಳಿ, ಬೇಸಿಗೆಯಲ್ಲಿ ಕಪಾಟಿನಿಂದ ತೆಗೆದಿಡಿ.

ತೂಕದ ಫಲಕಗಳಿಗೆ ಬಡಿಗರ ಸಹಾಯ ಬೇಕು. ಮಾಂಟೆಸ್ಸರಿಯವರು ಬಳಸಿದವು 6 ಸೆಂಟಿಮೀಟರ್ ಅಗಲ, 8 ಸೆಂಟಿಮೀಟರ್ ಉದ್ದ, ಅರ್ಧ ಸೆಂಟಿಮೀಟರ್ ದಪ್ಪದ ಮೂರು ಜಾತಿಯ ಮರದ ತುಂಡುಗಳು, ಅವುಗಳ ತೂಕ 24, 18 ಮತ್ತು 12 ಗ್ರಾಂ. ನಮ್ಮಲ್ಲಿ ಜಾಲಿಮರ, ಸಾಗವಾನಿ, ಪ್ಯಾಕಿಂಗ್ ಪೆಟ್ಟಿಗೆಯ ಹಗುರ ಪೈನ್ ಹಲಗೆ ಈ ಮೂರರಿಂದ ಸಾಕಷ್ಟು ಅಂತರ ಸಿಗುತ್ತದೆ. ಮಗು ಎರಡೂ ಕೈಗಳ ಬೆರಳ ತುದಿಗಳ ಮೇಲೆ ಒಂದೊಂದನ್ನಿಟ್ಟು ತೂಗಿ ನೋಡುತ್ತದೆ.

ವಾಸನೆ ಮತ್ತು ರುಚಿ

ವಾಸನೆಗೆ ಅಜವಾನ, ಯಾಲಕ್ಕಿ, ಲವಂಗ, ಹವೀಜ ಸಾಕು. ಜಜ್ಜಿ, ಹತ್ತಿಯೊಂದಿಗೆ ಸಣ್ಣ ಬಾಟಲಿಯಲ್ಲಿ ಹಾಕಿ, ವಾಸನೆ ಇಳಿಯುತ್ತಲೇ ಬದಲಿಸಬೇಕು. ಖಾರದ ಪುಡಿ, ಅತ್ತರು, ಡಾಂಬರ ಗುಳಿಗೆಗಳನ್ನು ಇಡಬಾರದು. ರುಚಿಗೆ ಬೆಲ್ಲದ ನೀರು, ಉಪ್ಪುನೀರು, ತೆಳುವಾದ ಲಿಂಬೆರಸ, ಮೆಂತ್ಯ ನೆನೆಸಿದ ನೀರು ಆಗುತ್ತವೆ. ಪ್ರತಿ ಮಗುವಿಗೂ ಬೇರೆ ಚಮಚ, ಎರಡು ರುಚಿಗಳ ನಡುವೆ ಒಂದು ಗುಟುಕು ಸಾದಾ ನೀರು, ಇಷ್ಟನ್ನು ತಪ್ಪಿಸಬಾರದು. ಮಗುವಿಗೆ ಆಗದ ಪದಾರ್ಥಗಳಾವುವು ಎಂಬುದನ್ನು ಶಾಲೆಗೆ ಸೇರಿಸುವಾಗಲೇ ಪಾಲಕರಿಂದ ಬರೆಸಿಕೊಳ್ಳಿ.

ಎಚ್ಚರಿಕೆಗಳು

ಕಾಳುಕಡಿ ಮಕ್ಕಳ ಮೂಗಿಗೆ, ಕಿವಿಗೆ, ಶ್ವಾಸನಾಳಕ್ಕೆ ಹೋಗುವ ಅಪಾಯ ನಿಜವಾದದ್ದು. ಬಿಡಿ ಕಾಳಿನ ಕೆಲಸವನ್ನು ಮೂರು ವರ್ಷ ತುಂಬದವರಿಗೂ, ಇನ್ನೂ ಎಲ್ಲವನ್ನೂ ಬಾಯಿಗೆ ಹಾಕುವವರಿಗೂ ಕೊಡಬೇಡಿ. ಶೇಂಗಾ ಬೀಜ ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವುದು ಹೆಚ್ಚು, ಅದನ್ನು ಇಂದ್ರಿಯಗಳ ಸಾಮಗ್ರಿಯಾಗಿ ಇಡಲೇಬಾರದು. ಮಗುವಿನ ಒಂದೇ ಹೊಳ್ಳೆಯಿಂದ ಕೆಟ್ಟ ವಾಸನೆಯ ಸಿಂಬಳ ಬರುತ್ತಿದ್ದರೆ ಒಳಗೆ ಕಾಳು ಸಿಕ್ಕಿರಬಹುದೆಂದು ತಿಳಿದು, ಮನೆಯಲ್ಲಿ ತೆಗೆಯಲು ಹೋಗದೆ ವೈದ್ಯರಲ್ಲಿಗೆ ಕಳಿಸಿ. ಗುಲಗಂಜಿ ಕೆಂಪು ಕಪ್ಪು ಬಣ್ಣದಿಂದ ಮಕ್ಕಳನ್ನು ಸೆಳೆಯುತ್ತದೆ. ಅಗಿದರೆ ಅದು ಕಡುವಿಷ. ಔಡಲ ಮತ್ತು ದತ್ತೂರಿ ಬೀಜಗಳೂ ಹಾಗೆಯೇ. ಇವು ಶಾಲೆಯ ಹೊಸ್ತಿಲೊಳಗೆ ಬರಬಾರದು.

ಈ ಕೆಲಸಗಳು ಇನ್ನೊಂದು ರೀತಿಯಲ್ಲಿಯೂ ನೆರವಾಗುತ್ತವೆ. ಮೂರು ಜೋಡಿ ಸಪ್ಪಳಗಳನ್ನು ಮತ್ತೆ ಮತ್ತೆ ತಪ್ಪಿಸುವ ಮಗುವಿಗೆ ಕಿವಿಯ ತೊಂದರೆ ಇರಬಹುದು. ಕೆಂಪು ಹಸಿರುಗಳನ್ನು ಬೇರೆ ಮಾಡಲಾಗದ ಮಗುವಿಗೆ, ಅದರಲ್ಲೂ ಗಂಡುಮಗುವಿಗೆ, ಬಣ್ಣಗುರುಡು ಇರಬಹುದು. ನಾವು ವೈದ್ಯರಲ್ಲ, ಹೆಸರಿಡುವ ಅಧಿಕಾರ ನಮಗಿಲ್ಲ. ಆದರೆ ಕಂಡದ್ದನ್ನು ದಿನಾಂಕ ಸಹಿತ ಬರೆದಿಟ್ಟು, ಪಾಲಕರನ್ನು ಕೂಡಿಸಿಕೊಂಡು ಸಮಾಧಾನದಿಂದ ತಿಳಿಸುವುದು ನಮ್ಮ ಕರ್ತವ್ಯ. ಒರಟು ವಸ್ತುವನ್ನು ಮುಟ್ಟಿದೊಡನೆ ಅಳುವ, ಕೈ ಕೊಡವಿಕೊಳ್ಳುವ ಮಕ್ಕಳೂ ಇರುತ್ತಾರೆ. ಅವರಿಗೆ ನುಣುಪಿನಿಂದ ಆರಂಭಿಸಿ, ಒರಟಿನ ಹಲಗೆ ಕಪಾಟಿನಲ್ಲಿ ಕಾಣುವಂತೆ ಇರಲಿ, ಅವರಾಗಿಯೇ ಎತ್ತಿಕೊಳ್ಳುವವರೆಗೆ ಕಾಯಿರಿ.

ಮಗು ಕೆಲಸದಲ್ಲಿ ಮುಳುಗಿರುವಾಗ ಹೊಗಳಿಕೆಯೂ ಅಡ್ಡಿಯೇ. ‘ಭಾಳ ಶಾಣ್ಯಾ’ ಎಂದ ಕ್ಷಣದಲ್ಲಿ ಅದರ ಗಮನ ಉರುಳೆಯಿಂದ ಅಕ್ಕೋರ ಮುಖಕ್ಕೆ ಹಾರುತ್ತದೆ. ಸಾಮಗ್ರಿಯನ್ನು ಎಸೆಯುವುದು, ಬಡಿಯುವುದು ನಡೆದರೆ ಮಾತ್ರ ತಡೆದು, ‘ಇವತ್ತು ಇದನ್ನ ಎತ್ತಿ ಇಡೂಣು’ ಎಂದು ಮಗುವಿನೊಂದಿಗೇ ಕಪಾಟಿಗೆ ಮರಳಿಸಿ.

ಅಕ್ಷರದ ಹೊಸ್ತಿಲಲ್ಲಿ

‘ನಮ್ಮ ಹುಡುಗಿ ಯಾವಾಗ ಬರೀತಾಳ್ರಿ?’ ಎಂದು ಪಾಲಕರು ಕೇಳಿದಾಗ ಅವರನ್ನು ಒರಟು ಹಲಗೆಯ ಮುಂದೆ ಕೂಡಿಸಿ ತೋರಿಸಿ. ಹಗುರಾಗಿ ಎಳೆಯುವುದನ್ನು ಕಲಿತ ಬೆರಳೇ ಮುಂದೆ ಮರಳುಕಾಗದದ ಅಕ್ಷರಗಳ ಮೇಲೆ ಓಡುತ್ತದೆ. ಈ ಅಕ್ಷರಗಳಿಗೆ 120 ಅಥವಾ 150 ನಂಬರಿನ ಕಾಗದ ಸರಿ, 60ರದು ಬೆರಳನ್ನು ತರಚುತ್ತದೆ. ಅಕ್ಷರದ ಎತ್ತರ ಸುಮಾರು 10 ಸೆಂಟಿಮೀಟರ್ ಇರಲಿ. ಸ್ವರಗಳನ್ನು ನೀಲಿ ಹಲಗೆಗೂ ವ್ಯಂಜನಗಳನ್ನು ಗುಲಾಬಿ ಹಲಗೆಗೂ ಅಂಟಿಸಿ. ನಮ್ಮ ರಾಜ್ಯದ ಒಂದನೆಯ ತರಗತಿಯಲ್ಲಿ ರೂಢಿಯಲ್ಲಿರುವ ರ, ಗ, ಸ, ದ, ಅ ಎಂಬ ಕ್ರಮವನ್ನೇ ಅನುಸರಿಸಬಹುದು, ಏಕೆಂದರೆ ‘ರ’ದ ದುಂಡು ತಿರುವು ಕೈಗೆ ಹತ್ತಿದ ಮಗುವಿಗೆ ಉಳಿದವುಗಳ ತಿರುವುಗಳು ಭಾರವಾಗುವುದಿಲ್ಲ. ತೋರುಬೆರಳು ಮತ್ತು ನಡುಬೆರಳನ್ನು ಕೂಡಿಸಿ, ಬರೆಯುವ ದಿಕ್ಕಿನಲ್ಲಿಯೇ ಎಳೆದು, ಕೊನೆಯಲ್ಲಿ ಒಮ್ಮೆ ಅಕ್ಷರವನ್ನು ಉಚ್ಚರಿಸಬೇಕು. ಒಂದು ಪಾಠಕ್ಕೆ ಎರಡು ಇಲ್ಲವೆ ಮೂರು ಅಕ್ಷರ ಸಾಕು, ಅವುಗಳ ಆಕಾರ ಒಂದಕ್ಕೊಂದು ಹೋಲದಂತಿರಲಿ. ಮಗುವಿನ ಬೆರಳು ಕಾಗದದಿಂದ ಜಾರಿ ಪಕ್ಕದ ನುಣುಪು ಹಲಗೆಗೆ ಹೋದ ಕೂಡಲೆ ಅದು ತಾನೇ ಮರಳಿ ಬರುವುದನ್ನು ಗಮನಿಸಿ. ಮರಳಿ ಬಾರದೆ ಹಲಗೆಯ ಮೇಲೆಲ್ಲ ಅಲೆದಾಡುತ್ತಿದ್ದರೆ ಇನ್ನೂ ಕೆಲವು ವಾರ ಪಟ್ಟಿಪಟ್ಟಿಯ ಎರಡನೆಯ ಹಲಗೆಯನ್ನೇ ಕೊಟ್ಟು, ನಂತರ ಅಕ್ಷರಕ್ಕೆ ಬನ್ನಿ.